ಅಳಿಯನ ಮನೆಯಲ್ಲಿ ಅರ್ಧ ಮುದ್ದೆ

ನ್ಯಾಮತಿಯಲ್ಲಿ ಆಗ ಸರ್ಕಾರಕ್ಕೆ ಒಂದೇ ಗಂಟಲಿತ್ತು, ಅದು ನನ್ನದು. ಹೀಗೆ ಹೇಳಿದರೆ ಜಂಬ ಅನ್ನಿಸಬಹುದು. ನಂಬಿಕೆ ಬರದಿದ್ದರೆ ಊರಲ್ಲಿ ಯಾರನ್ನಾದರೂ ಕೇಳಿ, ಇದಕ್ಕಿಂತ ಕೆಟ್ಟದಾಗಿ ಹೇಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನ ಕೈಬಿಟ್ಟ ಮೇಲೆ ನಾನು ಟೂರಿಂಗ್ ಟಾಕೀಸಿನ ಪ್ರಚಾರದ ಕೆಲಸಕ್ಕೆ ಸೇರಿಕೊಂಡಿದ್ದೆ. ಸೈಕಲ್ಲಿನ ಮುಂದೆ ಮೈಕಿನ ಹಾರನ್ನು, ಹಿಂದೆ ಕ್ಯಾರಿಯರಿನ ಮೇಲೆ ಬ್ಯಾಟರಿ, ನಡುವೆ ಪೊರಕೆ ಕಡ್ಡಿಯಂಥ ನಾನು. ಓಣಿ ಓಣಿ ತಿರುಗಿ ಇವತ್ತಿನ ಸಿನಿಮಾ ಯಾವುದು ಅಂತ ಸಾರಬೇಕು. ನನ್ನ ಸ್ವಂತ ದನಿಯಲ್ಲಿ ಸಾರಿದರೆ ನಾಯಿ ಕೂಡ ತಿರುಗಿ ನೋಡುತ್ತಿರಲಿಲ್ಲ. ಅದಕ್ಕೆ ಊರವರ ದನಿಯಲ್ಲೇ ಊರವರಿಗೆ ಹೇಳುತ್ತಿದ್ದೆ. ಹೆಡ್ಮಾಸ್ತರ ಮನೆ ಮುಂದೆ ಹೆಡ್ಮಾಸ್ತರ ಹಾಗೆ ಕೆಮ್ಮಿ ಕೆಮ್ಮಿ, ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ ಹಾಗೆ ಮೂಗಿನಲ್ಲಿ, ಸೊಸೈಟಿ ಮುಂದೆ ಸಕ್ಕರೆ ಇಲ್ಲ ಅನ್ನುವ ಸೆಕ್ರೆಟರಿಯ ಹಾಗೆ ಆಕಳಿಸುತ್ತ. ಜನ ನಗುತ್ತಿದ್ದರು. ಹೆಡ್ಮಾಸ್ತರು ಮಾತ್ರ ನನ್ನನ್ನು ಕಂಡರೆ ಕೆಮ್ಮು ನುಂಗಿಕೊಂಡು ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದರು.

ಸರ್ಕಾರಕ್ಕೆ ಏನಾದರೂ ಸಾರುವುದಿದ್ದರೆ ಟಾಕೀಸಿನ ಮಾಲೀಕರು ನನ್ನನ್ನು ಸೈಕಲ್ಲಿನ ಸಮೇತ ಧರ್ಮಕ್ಕೆ ಕೊಟ್ಟುಬಿಡುತ್ತಿದ್ದರು. ಅವರಿಗೆ ಟೆಂಟಿನ ಪರವಾನಗಿ ಮುಂದುವರಿಯಬೇಕು, ಸರ್ಕಾರಕ್ಕೆ ಗಂಟಲು ಬೇಕು. ನನಗೇನು ಬೇಕು ಅಂತ ಇಬ್ಬರೂ ಕೇಳಲಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ನಾನು, ಹೊನ್ನಾಳಿ ತಾಲ್ಲೂಕು ಕಚೇರಿಯಲ್ಲಿ ವೃದ್ಧಾಪ್ಯ ವೇತನದ ವಿಚಾರಣೆ ಇದೆ, ದಿಕ್ಕಿಲ್ಲದ ಮುದುಕರು ಮುದುಕಿಯರು ಬರಬೇಕು ಅಂತ ಚುನಾವಣೆ ಭಾಷಣದ ಗತ್ತಿನಲ್ಲಿ ಸಾರಿಕೊಂಡು ನಮ್ಮ ಓಣಿಗೆ ಬಂದೆ. ನಮ್ಮ ಮನೆ ಬಾಗಿಲಲ್ಲಿ ಅಜ್ಜಿ ಕೂತಿದ್ದಳು. ಅವ್ವನ ತಾಯಿ. ಕೈ ಅಡ್ಡ ಹಿಡಿದು ಸೈಕಲ್ ನಿಲ್ಲಿಸಿದಳು.

“ಏ ಕೋತಿ, ಇಳಿ ಕೆಳಗೆ. ಇದು ಸಿನಿಮಾದ್ದೋ, ದಿಟದ್ದೋ?”

ದಿಟದ್ದು, ಸರ್ಕಾರ ವಯಸ್ಸಾದವರಿಗೆ ತಿಂಗಳು ತಿಂಗಳು ಕೊಡುತ್ತದೆ ಅಂದೆ.

“ಸರ್ಕಾರ ಕೊಡ್ತೈತೆ ಸರಿ. ಅದು ಯಾರ ಮನೇದು?”

“ಯಾರ ಮನೇದೂ ಅಲ್ಲ ಅಜ್ಜಿ.”

 “ಅದು ಬಂದ್ರೆ ನನ್ನ ರಾಗಿ ನಾನೇ ತರ್ಸ್ತೀನಿ. ಇಡೀ ಮುದ್ದೆ ಉಣ್ತೀನಿ,” ಅಂದಳು ಅಜ್ಜಿ. ಒಳಗೆ ಪಾತ್ರೆ ತಿಕ್ಕುತ್ತಿದ್ದ ಅವ್ವನ ಕೈ ನಿಂತ ಸದ್ದು ನನಗೆ ಕೇಳಿಸಿತು.

ಈ ಇಡೀ ಮುದ್ದೆಯ ವಿಚಾರ ಬಿಡಿಸಿ ಹೇಳಬೇಕು. ನಮ್ಮ ಕಡೆ ಮಗಳ ಮನೆಯಲ್ಲಿ ತಾಯಿ ಇರುವುದಿಲ್ಲ, ಬಂದಿರುತ್ತಾಳೆ. ನಮ್ಮ ಅಜ್ಜಿ ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲೇ ಬಂದಿದ್ದಳು, ನನಗೆ ಮೀಸೆ ಬಂದರೂ ಬಂದೇ ಇದ್ದಳು. ಅವಳ ಸೀರೆಗಳನ್ನು ಅವ್ವ ಟ್ರಂಕಿನಲ್ಲಿಡಲು ಹೋದರೆ ಬಿಡುತ್ತಿರಲಿಲ್ಲ. ಗಂಟು ಕಟ್ಟಿ ಗೂಟಕ್ಕೆ ನೇತು ಹಾಕಿಕೊಂಡಿದ್ದಳು. ಓಣಿಯಲ್ಲಿ ಯಾರೇ ಮಾತಾಡಿಸಿದರೂ, ಮೊನ್ನೆ ಬಂದೆ, ಬರೋ ವಾರ ಹೋಗಬೇಕು ಅನ್ನುವಳು. ಓಣಿಯ ಹೆಂಗಸರೂ ಒಳ್ಳೆಯವರು. ಅವಳ ಎದುರಿಗೇ ದಿನಾ ನೀರು ಹಿಡಿದು ಹೋಗುತ್ತಿದ್ದವರು ತಿಂಗಳಿಗೊಮ್ಮೆಯಾದರೂ ನಿಂತು, ಯಾವಾಗ ಬಂದ್ರಿ ಅಜ್ಜಿ, ಇರ್ತೀರಾ ನಾಕು ದಿನ ಅಂತ ಕೇಳುತ್ತಿದ್ದರು.

ಬಂದವಳು ಹೊಟ್ಟೆ ತುಂಬ ಉಣ್ಣುವ ಹಾಗಿಲ್ಲ. ಅದರಲ್ಲೂ ಅಳಿಯನ ಮನೆ. ಅವ್ವ ಮುದ್ದೆ ಇಟ್ಟರೆ ಅಜ್ಜಿ ಬೆರಳಲ್ಲಿ ನಡು ಗೆರೆ ಎಳೆದು, ಅರ್ಧ ಮುಟ್ಟದೆ ವಾಪಸು ಪಾತ್ರೆಗೆ ಹಾಕುವಳು. ಹಸಿವಿಲ್ಲ ಅನ್ನುವಳು, ಹಲ್ಲಿಲ್ಲ ಅನ್ನುವಳು. ನುಂಗುವ ಮುದ್ದೆಗೆ ಹಲ್ಲು ಯಾಕೆ ಬೇಕು ಅಂತ ನಾನು ಕೇಳಿದರೆ ನನ್ನ ತಲೆಗೆ ಮೊಟಕುವಳು. ಅಪ್ಪ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಹಮಾಲಿ. ಮೂಟೆ ಹೊತ್ತು, ರಾತ್ರಿ ಅದೇ ಮೂಟೆಗಳ ಮೇಲೆ ಮಲಗಿ, ವಾರಕ್ಕೊಮ್ಮೆ ಭಾನುವಾರ ಮನೆಗೆ ಬರುತ್ತಿದ್ದ. ಅಂದು ಅಜ್ಜಿಗೆ ಒಪ್ಪತ್ತು. ಯಾವ ದೇವರ ಒಪ್ಪತ್ತು ಅಂತ ಆ ದೇವರಿಗೂ ಗೊತ್ತಿರಲಿಕ್ಕಿಲ್ಲ. ಅಪ್ಪನಿಗೆ ಇದು ತಿಳಿಯದ್ದೇನಲ್ಲ. ತಾನು ಎದುರಿಗಿದ್ದರೆ ಅತ್ತೆ ಉಣ್ಣುವುದಿಲ್ಲ ಅಂತ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಹೊರಗೆ ಜಗಲಿ ಮೇಲೆ ಕೂರುವನು. ಅಳಿಯಂದಿರಿಗೆ ನನ್ನ ಮುಖ ನೋಡಿದರೆ ಅನ್ನ ಸೇರುವುದಿಲ್ಲ ಅಂತ ಅಜ್ಜಿ ಒಳಗೆ ಕಣ್ಣೊರೆಸಿಕೊಳ್ಳುವಳು. ಇಬ್ಬರೂ ಒಬ್ಬರಿಗೊಬ್ಬರು ನೇರ ಮಾತಾಡುವಂತಿಲ್ಲ. ನಡುವೆ ನಾನಿದ್ದೆ, ಅಪ್ಪನ ದನಿಯಲ್ಲಿ ಅಜ್ಜಿಗೆ, ಅಜ್ಜಿಯ ದನಿಯಲ್ಲಿ ಅಪ್ಪನಿಗೆ ಹೇಳಬಹುದಿತ್ತು. ಹೇಳಿಯೂ ನೋಡಿದೆ. ಇಬ್ಬರೂ ನಕ್ಕರು, ಇಬ್ಬರೂ ಉಣ್ಣಲಿಲ್ಲ.

ಅವ್ವ ಅಂಗನವಾಡಿಯಲ್ಲಿ ಆಯಾ ಆಗಿದ್ದಳು. ಊರವರ ಪ್ರಕಾರ ಅವಳದು ಸರ್ಕಾರಿ ನೌಕರಿ. ಸರ್ಕಾರದ ಪ್ರಕಾರ ಅದು ನೌಕರಿಯಲ್ಲ, ಸೇವೆ. ಬರುವುದು ಸಂಬಳವಲ್ಲ, ಗೌರವಧನ. ಗೌರವ ದಿನಾ ಬೆಳಿಗ್ಗೆ ಮಕ್ಕಳ ಮೂಗೊರೆಸುವ ರೂಪದಲ್ಲಿ ಸಿಗುತ್ತಿತ್ತು, ಧನ ಮೇಲಿನಿಂದ ಬಂದಾಗ ಸಿಗುತ್ತಿತ್ತು. ಮಕ್ಕಳಿಗೆ ಗೋಧಿ ಉಪ್ಪಿಟ್ಟು ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಹತ್ತಿಕೊಂಡಿರುತ್ತಿತ್ತಲ್ಲ, ಅದನ್ನು ಅವ್ವ ಕೆರೆದು ಎಲೆಯಲ್ಲಿ ಸುತ್ತಿ ತರುತ್ತಿದ್ದಳು. ಅದನ್ನು ಅಜ್ಜಿ ಒಂದು ಅಗುಳೂ ಬಿಡದೆ ತಿನ್ನುತ್ತಿದ್ದಳು. ಸೀದು ಕರ್ರಗಾಗಿದ್ದರೂ ಸರಿ. ಇದು ಸರ್ಕಾರದ್ದು ಕಣವ್ವ, ಅಳಿಯಂದಿರದ್ದಲ್ಲ ಅನ್ನುವಳು. ಅಂಗನವಾಡಿಗೆ ರಜೆ ಬಂದಾಗ ಅಜ್ಜಿ ಇಳಿದು ಹೋಗುತ್ತಿದ್ದಳು. ಆ ಬೇಸಿಗೆಯಲ್ಲಿ ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಬಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಔಷಧಿ ಏನೂ ಬೇಡ, ಊಟ ಕೊಡ್ರಿ ಅಂದರು.  ದಾರಿಯಲ್ಲಿ ಡಾಕ್ಟರ ಹಾಗೆ ನಾನು ರೆಪ್ಪೆ ಎಳೆದು ತೋರಿಸಿದರೆ, ನಿನ್ನ ಬಾಯಿ ಸೇದಿಹೋಗ ಅಂತ ಅವ್ವ ಬೈದಳು.

ಹೀಗಾಗಿ ಆ ವೇತನ ಅಜ್ಜಿಗೆ ಬೇಕೇ ಬೇಕಿತ್ತು. ಯಾರ ಮನೆಯದೂ ಅಲ್ಲದ ರಾಗಿ ಬಂದರೆ ಅಜ್ಜಿ ಉಣ್ಣುತ್ತಾಳೆ, ಉಂಡರೆ ಉಳಿಯುತ್ತಾಳೆ. ಅವ್ವ ಇಷ್ಟನ್ನೇ ಹಿಡಿದುಕೊಂಡು ಶಾನುಭೋಗರ ಹತ್ತಿರ ಹೋದಳು. ಸರ್ಕಾರ ಅವರ ಹೆಸರನ್ನು ಗ್ರಾಮಲೆಕ್ಕಿಗರು ಅಂತ ಬದಲಾಯಿಸಿ ಎಷ್ಟೋ ಕಾಲವಾಗಿತ್ತು, ನಮಗೆ ಅವರು ಶಾನುಭೋಗರೇ. ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, ವಯಸ್ಸಿನ ತೊಂದರೆ ಇಲ್ಲ, ನೋಡಿದರೇ ಗೊತ್ತಾಗುತ್ತೆ, ಆದರೆ ಮುದುಕಿಗೆ ಬೆಳೆದ ಮಗ ಇದ್ದಾನಲ್ಲ ಅಂದರು. ಮಗ ಇದ್ದವರಿಗೆ ಸರ್ಕಾರ ಯಾಕೆ ಕೊಡುತ್ತದೆ? ಮಗ ಬಂದು ನನ್ನ ಕೈಲಿ ತಾಯಿಯನ್ನು ಸಾಕುವುದಕ್ಕೆ ಆಗುವುದಿಲ್ಲ ಅಂತ ಬರೆದುಕೊಡಬೇಕು, ಇಲ್ಲವೇ ಅವನಿರುವ ತಾಲ್ಲೂಕಿನಿಂದ ಹಾಗಂತ ವರದಿ ಬರಬೇಕು. ಜೊತೆಗೆ ತಾಸೀಲ್ದಾರರ ಮುಂದೆ ಮುದುಕಿ ತನ್ನ ಬಾಯಿಂದ ಅದನ್ನೇ ಹೇಳಬೇಕು. ಅವನಿರುವ ಜಗಳೂರು ಬೇರೆ ಜಿಲ್ಲೆ, ಚಿತ್ರದುರ್ಗ. ಇಲ್ಲಿಂದ ಕಾಗದ ಹೋಗಿ ಅಲ್ಲಿಂದ ಬರುವ ತನಕ ನಿನ್ನ ತಾಯಿಯ ಆಯುಸ್ಸು ಗಟ್ಟಿ ಇರಬೇಕು, ಅದಕ್ಕೆ ಹುಡುಗನ್ನೇ ಕಳಿಸು ಅಂದರು.

ಸೋದರಮಾವ ಇದ್ದದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದೆ. ಅವನು ಹೆಂಡತಿಯ ತವರಲ್ಲಿ ಮನೆ ಅಳಿಯನಾಗಿದ್ದ. ಬೇರೆಯವರ ಕುರಿ ಕಾಯುತ್ತಿದ್ದ. ನಾನು ಹುಡುಕಿಕೊಂಡು ಹೋದಾಗ ಹಾಳು ಬಿದ್ದ ಹೊಲದಲ್ಲಿ ಕೋಲೂರಿ ಒಂದು ಕಾಲ ಮೇಲೆ ನಿಂತಿದ್ದ. ಕುರಿಗಳೆಲ್ಲ ಅವನಿಗಿಂತ ಗುಂಡಗಿದ್ದವು. ತಾಯಿಯನ್ನು ಅವನು ಯಾಕೆ ಕರೆಸಿಕೊಳ್ಳಲಿಲ್ಲ ಅಂತ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಬೈದುಕೊಂಡಿದ್ದೆವು. ಆ ಮನೆಯ ಪಡಸಾಲೆಯಲ್ಲಿ ಅವನ ಹಾಸಿಗೆ ಇದ್ದ ಮೂಲೆ ನೋಡಿದ ಮೇಲೆ ನಾನು ಬೈಯುವುದನ್ನು ಬಿಟ್ಟೆ. ತಾನೇ ಬಂದಿರುವವನು ಇನ್ನೊಬ್ಬರನ್ನು ಎಲ್ಲಿಗೆ ಕರೆಯುತ್ತಾನೆ?

ಬರೆದುಕೊಡುವ ವಿಚಾರ ಎತ್ತಿದೆ. ಬರೆಯುವುದೂ ಬೇಡ, ಶಾನುಭೋಗರೇ ಬರೆದಿದ್ದಾರೆ, ಹೆಬ್ಬೆಟ್ಟು ಒತ್ತಿದರೆ ಸಾಕು ಅಂದೆ. ಮಾವ ಕಾಗದವನ್ನು ಮುಟ್ಟಲಿಲ್ಲ.

“ಹೆತ್ತ ತಾಯಿಗೆ ಅನ್ನ ಹಾಕಾಕೆ ಆಗಲ್ಲ ಅಂತ ಹೆಬ್ಬೆಟ್ಟು ಒತ್ತಲೇನಲೇ? ನಾಳೆ ಈ ಊರಾಗೆ ಕುರಿ ಸೈತ ನನ್ನ ಹಿಂದೆ ಬರಲ್ಲ.”

ಅದು ಹೇಗೂ ಹಾಕುತ್ತಿಲ್ಲವಲ್ಲ ಮಾವ ಅಂದೆ. ನನ್ನ ಬಾಯಿ ಹಾಗೆ. ಅವನು ಸಿಟ್ಟಾಗಲಿಲ್ಲ. ಹಾಕದೇ ಇರೋದು ಬೇರೆ, ಒತ್ತಿ ಕೊಡೋದು ಬೇರೆ ಅಂತ ನಿಧಾನಕ್ಕೆ ಹೇಳಿದ. ನಾನು ಎದ್ದಾಗ ಮೂಗೊರೆಸಿಕೊಂಡು, ನಮ್ಮವ್ವಂಗೆ ಹೇಳು, ಈ ಸಲ ಕುರಿ ಮಾರಿದ ಮ್ಯಾಲೆ ನಾನೇ ಬಂದು ಕರ್ಕಂಡು ಹೋಗ್ತೀನಿ ಅಂತ ಹೇಳಿ ಕಳಿಸಿದ. ಕುರಿ ಅವನದ್ದಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಯಾರಾದರೂ ಹೇಳಿ ಕಳಿಸಿದ್ದನ್ನು ನಾನು ಅವರ ದನಿಯಲ್ಲೇ ಒಪ್ಪಿಸುತ್ತೇನೆ, ಅದು ನನ್ನ ಚಾಳಿ. ಮನೆಗೆ ಬಂದು ಮಾವನಂತೆಯೇ ಎರಡು ಮಾತಿಗೊಮ್ಮೆ ಮೂಗೆಳೆದು ಹೇಳಿದೆ. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಇನ್ನೊಂದು ಸಲ ಅನ್ನು ಅಂದಳು. ಅಂದೆ. ಅವ್ವ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, ಹೆಬ್ಬೆಟ್ಟು ತಗಂಬಾರೋ ಅಂದ್ರೆ ಮೂಗೆಳೆಯೋದು ತಗಂಬಂದಿದೀಯಾ ಅಂದಳು.

ಮಗನ ಹೆಬ್ಬೆಟ್ಟು ಇಲ್ಲದಿದ್ದರೆ ಮುದುಕಿಯ ಬಾಯಿಮಾತಿನ ಮೇಲೆ ಸಾಹೇಬರು ಮನಸ್ಸು ಮಾಡಬಹುದು ಅಂತ ಶಾನುಭೋಗರು ಹೇಳಿದ್ದರಿಂದ ಅಜ್ಜಿಗೆ ತಾಲೀಮು ಶುರುವಾಯಿತು. ನಾನೇ ತಾಸೀಲ್ದಾರ. ಹೆಗಲ ಮೇಲೆ ಕೋಟಿನ ಹಾಗೆ ಅಪ್ಪನ ಕರಿ ಕಂಬಳಿ, ಕೈಯಲ್ಲಿ ಸೌಟು. ಹಿಂದೆ ಒಬ್ಬ ಸಾಹೇಬರು ಟೆಂಟು ನೋಡಲು ಬಂದು ಮಾಲೀಕರಿಗೆ ಮೈ ಬೆವರುವ ಹಾಗೆ ಕೂಗಾಡಿದ್ದರು, ಅವರ ದನಿಯನ್ನೇ ಹಾಕಿಕೊಂಡೆ. ಏ ಮುದುಕಿ, ನಿನಗೆ ಮಗ ಇದ್ದಾನೋ ಇಲ್ಲವೋ ಅಂತ ಗುಡುಗಿದರೆ ಅಜ್ಜಿ ಮೊದಲ ದಿನ ಇದ್ದಾನೆ ಬುದ್ಧಿ ಅಂತ ತಲೆತಗ್ಗಿಸಿದಳು. ಅನ್ನ ಹಾಕ್ತಾನೋ ಅಂದರೆ ಬಾಯಿ ಬಿಡಲಿಲ್ಲ. ಅವ್ವ ಪಕ್ಕದಲ್ಲಿ ಕೂತು, ಹಾಕಲ್ಲ ಅನ್ನವ್ವ, ಇರೋದನ್ನ ಇರೋ ಹಂಗೆ ಹೇಳಾಕೆ ಏನು ಅಂತ ಗೋಗರೆದಳು. ಇದ್ದ ಮಗನನ್ನ ಇಲ್ಲ ಅಂದಂಗೆ ಆಗ್ತೈತಲ್ಲೇ ಅಂದಳು ಅಜ್ಜಿ.

ನಾನು ಇನ್ನೂ ಜೋರು ಮಾಡಿದೆ. ದಿನಾ ಸಂಜೆ ಬೈದೆ. ಓಣಿಯ ಹೆಂಗಸರು ಬಾಗಿಲಲ್ಲಿ ಸೇರಿ ನಗತೊಡಗಿದರು. ಬೈಸಿಕೊಂಡು ಬೈಸಿಕೊಂಡು ಅಜ್ಜಿಗೂ ರೋಷ ಬಂತು. ಒಂದು ಸಂಜೆ ನಾನು ಸೌಟು ಕುಟ್ಟಿ, ಮಗ ಅನ್ನ ಹಾಕಲ್ವೇನೇ ಮುದುಕಿ, ಸುಳ್ಳು ಬೊಗಳ್ತೀಯಾ ಅಂದೆನೋ ಇಲ್ಲವೋ, ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು.

“ಹಾಕಿದ್ರೆ ನಿನ್ನ ತಾವ ಯಾಕೆ ಬರ್ತಿದ್ದೆನೋ ಮೂಳ?”

ಓಣಿ ಘೊಳ್ಳೆಂದಿತು. ಅವ್ವ ನಗುತ್ತ ಅಳುತ್ತ ಅಜ್ಜಿಯ ಗಲ್ಲ ಸವರಿದಳು. ಮೂಳ ಅನ್ನೋದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಸರಿಯಾಗಿದೆ ಅಂತ ನಾನು ಸಾಹೇಬರ ದನಿಯಲ್ಲೇ ಮಂಜೂರು ಮಾಡಿದೆ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಹೊನ್ನಾಳಿಯಲ್ಲೂ ಹಾಗೇ ಆಗುತ್ತದೆಂದು ನಾವೆಲ್ಲ ನಂಬಿಬಿಟ್ಟೆವು.

ಹೊನ್ನಾಳಿಯ ಕಚೇರಿ ಮುಂದೆ ಚಪ್ಪರ ಹಾಕಿದ್ದರು. ತಾಲ್ಲೂಕಿನ ಮುದುಕರೆಲ್ಲ ನೆಲದ ಮೇಲೆ ಸಾಲಾಗಿ ಕೂತಿದ್ದರು. ಅಷ್ಟೊಂದು ಬೊಚ್ಚು ಬಾಯಿಗಳನ್ನು ಒಟ್ಟಿಗೆ ನಾನು ಅಂಗನವಾಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಅಜ್ಜಿ ದಾರಿಯಲ್ಲೆಲ್ಲ ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ, ಒಗೆದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಅಪ್ಪ ಬಂದ. ಅಪ್ಪ ಬರುತ್ತೇನೆಂದು ಹೇಳಿರಲಿಲ್ಲ. ಮಂಡಿಯಲ್ಲಿ ಆ ದಿನದ ಕೂಲಿ ಬಿಟ್ಟು, ಅತ್ತೆಗೆ ಒಂದು ಆಸರೆ ಇರಲಿ, ಸಾಹೇಬರು ಏನಾದರೂ ಕೇಳಿದರೆ ಗಂಡಸು ಅಂತ ಒಬ್ಬ ಇರಲಿ ಅಂತ ಚನ್ನಗಿರಿಯಿಂದ ಬಂದಿದ್ದ. ಚಪ್ಪರದ ಕಂಬಕ್ಕೆ ಆತು, ನಗುಮುಖ ಮಾಡಿಕೊಂಡು ನಿಂತ. ಅಜ್ಜಿ ಅವನನ್ನು ನೋಡಿದವಳೇ ಸೆರಗನ್ನು ಹಣೆಯ ತನಕ ಎಳೆದುಕೊಂಡಳು.

ಆಮೇಲೆ ಸಾಹೇಬರು. ಇವರು ಬೇರೆ, ಹೊಸಬರು, ಚಿಕ್ಕ ವಯಸ್ಸು. ಗುಡುಗುವುದಿರಲಿ, ಅವರ ಮಾತು ಕೇಳಬೇಕಾದರೆ ಮುಂದಕ್ಕೆ ಬಾಗಬೇಕು, ಅಷ್ಟು ಮೆತ್ತಗೆ. ಅಜ್ಜಿ ನಿಂತದ್ದು ನೋಡಿ ಜವಾನನಿಗೆ ಕುರ್ಚಿ ಹಾಕಲು ಹೇಳಿದರು. ಅಜ್ಜಿ ಹಿಂದೆ ಮುಂದೆ ನೋಡಿದಳು. ಕೂತ್ಕೊಳ್ಳಿ ಅಜ್ಜಿ, ನಮ್ಮ ಅಜ್ಜಿ ಥರಾನೇ ಇದ್ದೀರಿ ಅಂದರು. ಬಸ್ಸಲ್ಲಿ ಬಂದ್ರಾ, ನೀರು ಕುಡೀತೀರಾ ಅಂತ ಕೇಳಿದರು.  ಬೈಯುವವನ ಎದುರು ನಿಲ್ಲಲು ಅಜ್ಜಿಯನ್ನು ತಯಾರು ಮಾಡಿದ್ದೆವು. ಕುರ್ಚಿ ಕೊಡುವವನ ಎದುರು ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

“ಮಗ ಇದ್ದಾರಂತಲ್ಲ ಅಜ್ಜಿ. ನೋಡಿಕೊಳ್ಳಲ್ವಾ?”

ಅಜ್ಜಿ ಸೆರಗಿನ ಮರೆಯಿಂದ ಕಂಬದ ಕಡೆ ನೋಡಿದಳು. ಅಪ್ಪ ಧೈರ್ಯ ಹೇಳುವ ಹಾಗೆ ತಲೆಯಾಡಿಸಿದ.

“ನೋಡ್ಕಳ್ದೆ ಏನು ನಮ್ಮಪ್ಪ,” ಅಂದಳು ಅಜ್ಜಿ. “ಬಂಗಾರದಂಥ ಮಗ. ಇಲ್ಲಿ ಮಗಳ ಮನೀಗೆ ಬಂದೋಗಾಕೆ ಅಂತ ಬಂದೀನಿ. ಕರ್ಕಂಡು ಹೋಗಾಕೆ ಬರ್ತೀನಿ ಅಂತ ಹೇಳಿ ಕಳ್ಸ್ಯಾನೆ. ಬೇಕಾದ್ರೆ ಈ ಹುಡುಗನ್ನ ಕೇಳ್ರಿ, ಅವನ ದನೀಲೇ ಹೇಳ್ತಾನೆ.”

ಸಾಹೇಬರು ನನ್ನ ಕಡೆ ತಿರುಗಿದರು. ಗುಮಾಸ್ತ ತಿರುಗಿದ, ಜವಾನ ತಿರುಗಿದ. ಕೇಳಿದವರ ಮುಂದೆ, ಕೇಳದವರ ಮುಂದೆ, ಸತ್ತವರ ಮನೆಯಲ್ಲೂ ಒಮ್ಮೆ ದನಿ ತೆಗೆದು ಒದೆ ತಿಂದವನು ನಾನು. ಹೌದು ಅಂದರೆ ಅಜ್ಜಿಯ ರಾಗಿ ಹೋಗುತ್ತದೆ. ಸುಳ್ಳು ಅಂದರೆ, ಅವಳ ಮಗ ಅವಳನ್ನು ಬಿಟ್ಟಿದ್ದಾನೆ ಅಂತ ಇಡೀ ಚಪ್ಪರದ ಎದುರು, ಅಳಿಯನ ಎದುರು ನಾನು ಸಾರಿದ ಹಾಗೆ. ಮಾವನ ದನಿಯೂ ಬರಲಿಲ್ಲ, ನನ್ನ ದನಿಯೂ ಬರಲಿಲ್ಲ. ತಲೆಯಾಡಿಸಿದೆ. ಹೌದು ಅನ್ನುವ ಹಾಗೂ ಇತ್ತು, ಇಲ್ಲ ಅನ್ನುವ ಹಾಗೂ ಇತ್ತು. ಸಾಹೇಬರು ಹೌದು ಅಂತ ತಿಳಿದುಕೊಂಡರು.

ಅವ್ವ ಮುಂದೆ ಬಂದು, ಹಂಗಲ್ಲ ಸಾಹೇಬ್ರೆ ಅಂತ ಶುರುಮಾಡಿದಳು. ಅಜ್ಜಿ ಅವಳನ್ನು ಒಮ್ಮೆ ನೋಡಿದಳು, ಅಷ್ಟೇ. ಅವ್ವನ ಮಾತು ಅಲ್ಲೇ ನಿಂತಿತು. ಸಾಹೇಬರ ಮುಖದಲ್ಲಿ ನಿಜವಾಗಿ ಸಂತೋಷ ಇತ್ತು. ಬೆಳಿಗ್ಗೆಯಿಂದ ಮಕ್ಕಳು ಹೊರಹಾಕಿದವರ ಕತೆಗಳನ್ನೇ ಕೇಳಿ ಕೇಳಿ ಬೇಸತ್ತಿದ್ದರೋ ಏನೋ. ಇಂಥ ಮಗನನ್ನ ಪಡೆಯೋಕೆ ಪುಣ್ಯ ಮಾಡಿರಬೇಕು ಅಜ್ಜಿ ಅಂದರು. ಅಲ್ಲದೆ ನೀವು ಈ ತಾಲ್ಲೂಕಿನವರೂ ಅಲ್ಲವಲ್ಲ, ಇದು ಇಲ್ಲಿ ಇರುವವರಿಗೆ ಮಾತ್ರ ಅಂತ ಬಹಳ ವಿನಯದಿಂದ ತಿಳಿಸಿ, ಅರ್ಜಿಯನ್ನು ಇನ್ನೊಂದು ಕಡೆಯ ಕಟ್ಟಿನ ಮೇಲೆ ಇಟ್ಟರು. ಅಜ್ಜಿ ಎದ್ದು, ಅವರ ತಲೆ ಮುಟ್ಟಿ ದೃಷ್ಟಿ ತೆಗೆದಳು.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. ಅಜ್ಜಿ ತನ್ನ ಪೊಟ್ಟಣ ಬಿಚ್ಚದೆ ನನ್ನ ಕೈಗಿಟ್ಟಳು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಚಲೋ ಕಲ್ತಿದ್ಲು ಅಂದ್ರಿ, ಯಾಕೋ ಹಿಂಗಾತು ಅಂತ ಕೇಳಿದ. ನಾನು ಎಲ್ಲರನ್ನೂ ಚುಚ್ಚುವವನು, ಅಪ್ಪನ ಬಾಚಿದ ತಲೆ ನೋಡಿ ನಿಜ ಹೇಳಲಾಗಲಿಲ್ಲ. ಸಾಹೇಬರು ಬೈಯಲಿಲ್ಲ, ಅದಕ್ಕೆ ಅಂದೆ. ಅವ್ವ ಹೇಳಿದಳೋ ಏನೋ, ಅಥವಾ ತಾನು ಬಂದದ್ದೇ ಕಾರಣ ಅಂತ ಮೂಟೆ ಹೊರುತ್ತ ಅವನಿಗೇ ಹೊಳೆಯಿತೋ ಗೊತ್ತಿಲ್ಲ. ಮುಂದಿನ ಭಾನುವಾರ ಅಪ್ಪ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನ್ಯಾಮತಿಗೆ ಬರುವ ಲಾರಿಯ ಕ್ಲೀನರನ ಕೈಯಲ್ಲಿ ಅಕ್ಕಿ ಕಳಿಸಿ, ನಾನಿಲ್ಲದಾಗಲಾದರೂ ನಿಮ್ಮತ್ತೆ ನೆಮ್ಮದಿಯಾಗಿ ಉಣ್ಣಲಿ ಅಂತ ಅವ್ವನಿಗೆ ಹೇಳಿ ಕಳಿಸಿದ. ಅವ್ವನ ತಾಯಿ ಅವನಿಗೆ ಅತ್ತೆ, ಅವ್ವನಿಗೆ ಎಲ್ಲಿಯ ಅತ್ತೆ? ದುಗುಡದಲ್ಲಿ ಅವನಿಗೆ ಸಂಬಂಧವೂ ಅದಲುಬದಲಾಗಿತ್ತು. ಅಜ್ಜಿಗೆ ತಿಳಿದದ್ದು ಇಷ್ಟೇ, ತನ್ನ ದೆಸೆಯಿಂದ ಅಳಿಯ ಮನೆ ಬಿಟ್ಟ. ಅವಳ ಅರ್ಧ ಮುದ್ದೆ ಕಾಲು ಮುದ್ದೆಗೆ ಇಳಿಯಿತು. 

ಶಾನುಭೋಗರು ಇನ್ನೊಂದು ಅರ್ಜಿ ಹಾಕಿಸಿದರು, ಜಗಳೂರಿಗೆ ಕಾಗದವೂ ಹೋಯಿತಂತೆ. ಅವ್ವ ವಾರಕ್ಕೊಮ್ಮೆ ಅವರ ಮನೆ ಮುಂದೆ ನಿಲ್ಲುವಳು. ಬರುತ್ತೆ ಬರುತ್ತೆ ಅನ್ನುತ್ತಿದ್ದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಅಜ್ಜಿ ಗೂಟದ ಗಂಟು ಇಳಿಸಿ ಬಾಗಿಲಲ್ಲಿ ಕೂತಿದ್ದಳು.

“ಸಾಹೇಬನ ಮುಂದೆ ಆಡಿದ ಮಾತು. ಹೋಗ್ತೀನಿ ಅಂದ ಮ್ಯಾಲೆ ಹೋಗಬೇಕು.”

ಮಗ ಬರಲಿ ಅಂತ ಅವ್ವ ಕಾಲು ಹಿಡಿದಳು. ಅವನಿಗೆ ಕುರಿ ಬಿಟ್ಟು ಬರಾಕೆ ಪುರುಸೊತ್ತು ಎಲ್ಲೈತೆ, ಅದಕ್ಕೇ ನಾನೇ ಹೋಗ್ತೀನಿ ಅಂದಳು. ನಾನು ಕಂಬಳಿ ಹೊದ್ದು ಸೌಟು ಹಿಡಿದು ಬಂದು, ಏ ಮುದುಕಿ, ಸರ್ಕಾರದ ಅಪ್ಪಣೆ ಇಲ್ಲದೆ ಎಲ್ಲಿಗೆ ಹೊರಟೆ ಅಂತ ಗುಡುಗಿದೆ. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಸೌಟು ಕಿತ್ತುಕೊಂಡು ಅವ್ವನ ಕೈಗೆ ಕೊಟ್ಟು, ಗಂಟು ನನ್ನ ತಲೆ ಮೇಲಿಟ್ಟಳು. ಅಂದು ಓಣಿಯ ಹೆಂಗಸರು ಯಾರೂ ಯಾವಾಗ ಬಂದ್ರಿ ಅಂತ ಕೇಳಲಿಲ್ಲ.

ಬಿಳಿಚೋಡು ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಮಾವ ನಮ್ಮನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ತಾಯಿಯ ಕಾಲಿಗೆ ನೀರು ಕೊಟ್ಟ. ಅತ್ತೆ, ಅಂದರೆ ಅವನ ಹೆಂಡತಿ, ಕೆಟ್ಟ ಹೆಂಗಸಲ್ಲ. ಅವಳ ತಾಯ್ತಂದೆ ಒಳಗೆ ಏನೋ ಪಿಸುಗುಟ್ಟಿದರು, ಅವಳು ಅವರಿಗೆ ಸುಮ್ಮನಿರಿ ಅಂದದ್ದು ನನಗೆ ಕೇಳಿಸಿತು. ಎಲ್ಲರನ್ನೂ ಕೂರಿಸಿ ಬಡಿಸುವ ಮುಂಚೆ ಪಾತ್ರೆಯೊಳಗೆ ಒಂದು ಸಲ ಬಗ್ಗಿ ನೋಡಿದಳು. ನಮ್ಮ ಅವ್ವನೂ ಹಾಗೇ ನೋಡುತ್ತಿದ್ದಳು.

ಅಜ್ಜಿ ಇಡೀ ಮುದ್ದೆ ಉಂಡಳು. ನಡು ಗೆರೆ ಎಳೆಯಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದಳು, ಸೊಸೆಗೆ ಹುಣಸೆ ಹುಳಿ ಯಾವಾಗ ಹಾಕಬೇಕು ಅಂತ ಹೇಳಿಕೊಟ್ಟಳು, ಇನ್ನೊಂದು ಸೌಟು ಬಿಡು ಅಂತ ತಟ್ಟೆ ಮುಂದಕ್ಕೆ ತಳ್ಳಿದಳು. ನಾನು ಹುಟ್ಟಿದ ಮೇಲೆ ಅವಳು ಇನ್ನೊಂದು ಸಲ ಹಾಕಿಸಿಕೊಂಡದ್ದನ್ನು ನೋಡಿದ್ದು ಅದೇ ಮೊದಲು. ಮಗನ ಮನೆಯ ಊಟ. ಆ ಮನೆ ಮಗನದ್ದಲ್ಲ ಅನ್ನುವುದು ಅವಳಿಗೆ ತಿಳಿಯಲಿಲ್ಲವೋ, ತಿಳಿದೂ ಬೇಡವಾಯಿತೋ ನನಗೆ ಹೇಳಲು ಬಾರದು. ಮಾವ ನಾಲ್ಕು ತುತ್ತು ಉಂಡು, ಹಟ್ಟಿ ತಾವ ಅಂಬಲಿ ಕುಡಿದು ಬಂದೀನಿ ಅಂತ ಕೈ ತೊಳೆದ. ಪಾತ್ರೆಯಲ್ಲಿ ಉಳಿದದ್ದನ್ನು ಹೆಂಡತಿ ಅಜ್ಜಿಯ ತಟ್ಟೆಗೆ ಸರಿಸಿದಳು. ನಾನು ಮೊದಲೇ, ಅಜ್ಜಿಯನ್ನು ಬಸ್ಸಿನಲ್ಲಿ ಕೂರಿಸಿ ದಾವಣಗೆರೆ ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆ ಅಂತ ಸಪ್ಲೈಯರನ ಕೂಗಿನ ಸಮೇತ ವರ್ಣಿಸಿ, ನನಗೆ ಊಟ ಬೇಡ ಅಂದಿದ್ದೆ. ಅಜ್ಜಿ, ತಿಂಡಿಪೋತ, ನನಗೆ ಒಂದು ತುಂಡು ತರಲಿಲ್ಲ ನೋಡು ಅಂತ ಸೊಸೆಗೆ ಚಾಡಿ ಹೇಳಿದಳು.

ಮಾವ ನನ್ನನ್ನು ಬಸ್ಸಿಗೆ ಬಿಡಲು ರಸ್ತೆ ತನಕ ಬಂದ. ಸುಮಾರು ಹೊತ್ತು ಬಸ್ಸು ಬರಲಿಲ್ಲ. ಅವನು ಕೋಲಿನಿಂದ ನೆಲ ಕೆರೆಯುತ್ತಿದ್ದ.

“ಆ ಕಾಗದ ಐತೇನಲೇ, ಶಾನುಭೋಗರದ್ದು?”

ನ್ಯಾಮತಿಯಲ್ಲಿದೆ ಅಂದೆ. ಯಾಕೆ ಅಂತ ಕೇಳಿದೆ.

“ಒತ್ತಿ ಕೊಡ್ತೀನಿ. ಊರು ಏನಾದ್ರೂ ಅನ್ಕಳ್ಳಲಿ.”

ನಾನು ಅವನ ಮುಖ ನೋಡಿದೆ. ಅವನು ನಿಜವಾಗಿಯೂ ಒತ್ತಲು ತಯಾರಾಗಿದ್ದ. ಅವನ ಹಿಂದೆ, ದೂರದಲ್ಲಿ, ಮನೆ ಮುಂದಿನ ಕಟ್ಟೆಯ ಮೇಲೆ ಅಜ್ಜಿ ಕಾಲು ಚಾಚಿಕೊಂಡು ಆ ಊರಿನ ಯಾರೋ ಹೆಂಗಸಿನ ಜೊತೆ ಮಾತಾಡುತ್ತಿದ್ದುದು ಕಾಣುತ್ತಿತ್ತು.

“ಈಗ ನಿನ್ನ ತಾವೇ ಅದಾಳಲ್ಲ ಮಾವ. ನೀನೇ ಉಣ್ಣಾಕೆ ಇಕ್ಕಿದ್ದೀಯ. ಈಗ ಒತ್ತಿದ್ರೆ ಅದು ಸುಳ್ಳಾಗ್ತೈತೆ.”

ಅವನು ಅದನ್ನು ಯೋಚಿಸಿದ. ಹಂಗಾರೆ ಇಲ್ಲಿ ಜಗಳೂರಾಗೆ ಕೇಳಿದ್ರೆ ಅಂದ. ಮಗನ ಜೊತೆ ಇರುವವರಿಗೆ ಇಲ್ಲೂ ಕೊಡಲಿಕ್ಕಿಲ್ಲ ಅಂದೆ. ಹೌದಾ ಅಂದ. ಬಸ್ಸು ಬಂತು. ಒಳಗೆ ಸೀಟಿರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಮಾವ ಮನೆ ಕಡೆ ಹೋಗದೆ ಕುರಿ ಬಿಟ್ಟಿದ್ದ ಹೊಲದ ಕಡೆ ನಡೆದಿದ್ದ. ಕಂಡಕ್ಟರು ಮೂಗಿನಲ್ಲಿ ಟಿಕೇಟು ಟಿಕೇಟು ಅನ್ನುತ್ತ ಬಂದರು, ಒಳ್ಳೆಯ ದನಿ, ಬೇರೆ ದಿನವಾಗಿದ್ದರೆ ಅಲ್ಲೇ ಕಲಿತುಬಿಡುತ್ತಿದ್ದೆ. ದಾವಣಗೆರೆ ತನಕ ನಿಂತೇ ಬಂದೆ. ಹೊಟ್ಟೆ ಚುರುಗುಡುತ್ತಿತ್ತು.